ಕಲಾಯಿ ಬಟ್ಟಲಿನ ಮಾತ್ರೆಗಳು

ಗುಬ್ಬಿಯಲ್ಲಿ ನಮ್ಮ ಮನೆಗೂ ಪಾತ್ರೆಗೆ ಕಲಾಯಿ ಹಾಕುವವರ ಮನೆಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಅದರ ಮೇಲೆ ನಮ್ಮ ಹಿತ್ತಾಳೆ ಬಟ್ಟಲು ದಿನವೂ ಓಡಾಡುತ್ತಿತ್ತು. ನಮ್ಮಿಂದ ಸಾರು ಹೋಗುತ್ತಿತ್ತು. ಅವರು ಬೇಯಿಸಿದ್ದನ್ನು ನಾವು ತಿನ್ನುವುದಿಲ್ಲವೆಂದು ತಿಳಿದಿದ್ದ ಕಲಾಯಿಯವನ ಹೆಂಡತಿ, ನಮ್ಮೆಲ್ಲರ ಬಾಯಲ್ಲಿ ಬೂಬಮ್ಮ, ತೊಳೆದ ಬಟ್ಟಲಿಗೆ ಹಿಡಿ ನುಗ್ಗೆಸೊಪ್ಪನ್ನೋ ಚೂರು ಸಕ್ಕರೆಯನ್ನೋ ಹಾಕಿ ಕೊಡುತ್ತಿದ್ದಳು. ಖಾಲಿ ಪಾತ್ರೆ ವಾಪಸು ಕೊಡಬಾರದು ಎನ್ನುವುದು ಎರಡೂ ಮನೆಯ ಶಾಸ್ತ್ರ.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ಅಕ್ಕನಿಗೆ ಕ್ಷಯ. ಕುಣಿಗಲ್ಲಿನ ಗಂಡನ ಮನೆಯವರು ಅವಳನ್ನು ಹಾಸಿಗೆ ಸಮೇತ ತಂದು ನಮ್ಮ ಜಗಲಿಯ ಮೇಲೆ ಬಿಟ್ಟು ಹೋಗಿದ್ದರು. ಅಪ್ಪ ಅಮ್ಮ ತೀರಿಕೊಂಡಿದ್ದರು. ನಾನು ಬಟ್ಟೆ ಹೊಲಿದು ಇಬ್ಬರ ಹೊಟ್ಟೆ ನೋಡುತ್ತಿದ್ದೆ. ಬೂಬಮ್ಮನಿಗೂ ಅದೇ ಕಾಯಿಲೆ. ಆಗ ಹೊಸ ಔಷಧಿಗಳನ್ನು ಪರೀಕ್ಷೆ ಮಾಡುವ ಡಾಕ್ಟರರ ತಂಡವೊಂದು ತುಮಕೂರಿಗೆ ಬಂದು, ಸುತ್ತಲ ಊರುಗಳ ರೋಗಿಗಳನ್ನು ಆರಿಸುತ್ತಿತ್ತು. ಇಬ್ಬರನ್ನೂ ಸೇರಿಸಿಕೊಂಡರು. ಇಂಗ್ಲಿಷ್ ಕಾಗದಕ್ಕೆ ಬೂಬಮ್ಮ ಹೆಬ್ಬೆಟ್ಟು ಒತ್ತಿದಳು. ಅಕ್ಕನ ಪರವಾಗಿ ನಾನು ರುಜು ಹಾಕಿದೆ. ಎಂಟನೇ ಕ್ಲಾಸು ಓದಿದವಳೆಂಬ ಜಂಬ ನನಗೆ. ಅದರಲ್ಲಿ ನನಗೆ ಅರ್ಥವಾದದ್ದು ಅಕ್ಕನ ಹೆಸರೊಂದೇ.

ಅಕ್ಕನಿಗೆ ಕೊಟ್ಟದ್ದು ಚಿಕ್ಕ ಬಿಳಿ ಮಾತ್ರೆ ಮಾತ್ರ. ಬೂಬಮ್ಮನಿಗೆ ಅದರ ಜೊತೆಗೆ ಹಿಡಿ ತುಂಬ ದೊಡ್ಡ ಮಾತ್ರೆಗಳು. ಮೂರು ತಿಂಗಳಿಗೆ ಬೂಬಮ್ಮ ಬಾವಿಯಿಂದ ನೀರು ಸೇದತೊಡಗಿದಳು. ಅಕ್ಕ ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು.

ಒಂದು ದಿನ ಬಟ್ಟಲಿನ ಸೊಪ್ಪಿನಡಿ ನಾಲ್ಕು ದೊಡ್ಡ ಮಾತ್ರೆ ಇದ್ದವು.

"ಇದೇನೇ ಬೂಬಮ್ಮ?" ಅಕ್ಕ ಕೇಳಿದಳು.

"ಸುಮ್ಕೆ ನುಂಗಕ್ಕ. ಬೇಯ್ಸಿದ್ದಲ್ಲ, ನಿನ್ ಜಾತಿ ಕೆಡಲ್ಲ."

ಅಕ್ಕ ನಗಲು ಹೋಗಿ ಕೆಮ್ಮಿದಳು. "ನಿಂಗೆ ಕಮ್ಮಿ ಆಗಲ್ವೇನೆ?"

"ನಂಗರ್ಧ, ನಿಂಗರ್ಧ. ಕುದ್ರೆಗೆ ಕೊಡೋ ಮಾತ್ರೆ ಕಣಕ್ಕ ಇದು, ಅರ್ಧಕ್ಕೇ ಹೊಟ್ಟೆ ತುಂಬ್ತದೆ."

ಹೀಗೆ ಕೆಲವು ವಾರ ನಡೆಯಿತು. ಅಕ್ಕನ ಜ್ವರ ಕೊಂಚ ಇಳಿಯಿತು. ನನಗೆ ಅಷ್ಟು ಸಾಕಾಯಿತು. ದೊಡ್ಡ ಮಾತ್ರೆಯಿಂದ ಗುಣ ಕಾಣುತ್ತಿದೆ ಎಂದು ತಿಳಿದರೆ ಡಾಕ್ಟರು ಅಕ್ಕನಿಗೂ ಅದನ್ನೇ ಬರೆಯುತ್ತಾರೆ, ಬೂಬಮ್ಮನೂ ತನ್ನ ಪಾಲನ್ನು ತಾನೇ ನುಂಗಬಹುದು ಎಂದುಕೊಂಡೆ. ಇಬ್ಬರಿಗೂ ಹೇಳದೆ ರೈಲು ಹತ್ತಿ ತುಮಕೂರಿಗೆ ಹೋಗಿ ಎಲ್ಲವನ್ನೂ ಹೇಳಿದೆ.

ಡಾಕ್ಟರು ಬೈಯಲಿಲ್ಲ. ಕುರ್ಚಿ ಕೊಟ್ಟು ಕೂರಿಸಿದರು. "ಯಾರಿಗೆ ಯಾವ ಮಾತ್ರೆ ಅನ್ನೋದು ಚೀಟಿ ಎತ್ತಿ ಮಾಡಿರೋದಮ್ಮ. ನಾವು ಬದಲಾಯಿಸೋ ಹಾಗಿಲ್ಲ."

"ನಮಗ್ಯಾರೂ ಹೇಳ್ಲಿಲ್ಲವಲ್ಲ ಸ್ವಾಮಿ?"

"ಕಾಗದದಲ್ಲಿತ್ತಲ್ಲ. ನೀವೇ ಸೈನ್ ಹಾಕಿದೀರಿ."

ಪುಸ್ತಕ ತೆರೆದು ಅಕ್ಕನ ನಂಬರಿನ ಮೇಲೂ ಬೂಬಮ್ಮನ ನಂಬರಿನ ಮೇಲೂ ಕೆಂಪು ಗೆರೆ ಎಳೆದರು. ಗುಮಾಸ್ತನ ಕಡೆ ತಿರುಗಿ, "ಎರಡು ನಂಬರೂ ಕೆಟ್ಟೋದ್ವು ಕಣ್ರಿ" ಅಂದರು.

ಮುಂದಿನ ವಾರದಿಂದ ಇಬ್ಬರಿಗೂ ಮಾತ್ರೆ ನಿಂತಿತು. ದೂರದ ಸ್ಯಾನಟೋರಿಯಂ ಒಂದಕ್ಕೆ ಚೀಟಿ ಬರೆದುಕೊಟ್ಟಿದ್ದರು. ಅಲ್ಲಿ ಹಾಸಿಗೆ ಖಾಲಿಯಾಗಲಿಲ್ಲ. ಯುಗಾದಿಗೆ ಮೊದಲೇ ಅಕ್ಕ ಹೋದಳು. ಆ ಮಾತ್ರೆಯಿಂದ ಉಳಿಯುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಅದನ್ನು ತಿಳಿಯುವುದಕ್ಕೇ ತಾನೆ ಅವರು ಬಂದದ್ದು? ತಿಳಿದ ಮೇಲೆ ನಮಗೆ ಹೇಳಲು ಯಾರೂ ಬರಲಿಲ್ಲ.

ಹನ್ನೊಂದನೆಯ ದಿನ ಬೂಬಮ್ಮ ಗೋಡೆಯಾಚೆ ನಿಂತು ಅತ್ತಳು. ಅವಳ ಕೆಮ್ಮು ಮರಳಿತ್ತು. "ಯಾವ ಹಾಳುಬಾಯಿ ಹೋಗಿ ಹೇಳ್ತೋ, ಹುಳ ಬೀಳ ಅದಕ್ಕೆ! ನೀನೇ ಹೇಳಮ್ಮ, ನಾವು ಯಾರ ಮನೆ ಹಾಳ್ ಮಾಡಿದ್ವಿ?"

"ಹೂಂ," ಎಂದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಅವಳೂ ಹೋದಳು. ಒಂದು ಬೆಳಿಗ್ಗೆ ಅವಳ ಗಂಡ ಬೀದಿ ಬಾಗಿಲಿಗೆ ಬಂದ. ಅವರ ಮನೆಯಲ್ಲೇ ಉಳಿದಿದ್ದ ನಮ್ಮ ಬಟ್ಟಲು ಅವನ ಕೈಯಲ್ಲಿತ್ತು. ಹೊಸದಾಗಿ ಕಲಾಯಿ ಹಾಕಿದ್ದ. ತುಂಬ ಸಕ್ಕರೆ ಇತ್ತು.

"ಖಾಲಿ ಕೊಡ್ಬೇಡಿ ಅಂದಿದ್ಲಮ್ಮ."

ಎರಡೂ ಕೈಯಲ್ಲಿ ಈಸಿಕೊಂಡೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಕೂತ್ಕೊಳಿ, ಕಾಫಿ ಕೊಡ್ತೀನಿ," ಅಂದೆ.