ಸದ್ದು ಮಾಡುವ ಹಿಡಿ

ಕುರ್ಚಿಗಳಿಗೆ ಬೆತ್ತ ಹೆಣೆಯುವ ಆತನಿಗೆ ನಲವತ್ತು ದಾಟುತ್ತಲೇ ಕಣ್ಣು ಮಂಜಾಗುತ್ತ ಬಂದು, ಕೊನೆಗೆ ಏನೂ ಕಾಣದಾಯಿತು. ಆದರೂ ಕೆಲಸ ನಿಲ್ಲಲಿಲ್ಲ. ಹೆಣಿಗೆ ಬೆರಳುಗಳಿಗೇ ಕರಗತವಾಗಿತ್ತು. ತೊಂದರೆ ಕೊಡುತ್ತಿದ್ದದ್ದು ಬೆತ್ತದ ತುದಿ ಕತ್ತರಿಸುವ ಮಡಚುವ ಚಾಕು. ಪ್ಲಾಸ್ಟಿಕ್ ಹಿಡಿಯ ಆ ಚಾಕು ತೊಡೆಯಿಂದ ಜಾರಿದರೆ ಎತ್ತ ಬಿತ್ತೆಂದು ತಿಳಿಯುತ್ತಿರಲಿಲ್ಲ. ನೆಲವನ್ನೆಲ್ಲ ತಡಕಾಡಿ, ಕೊನೆಗೆ ಹೆಂಡತಿಯನ್ನು ಕೂಗಬೇಕಾಗುತ್ತಿತ್ತು.

ಅದರ ಅಲಗು ಮುರಿದಾಗ ಗಂಡಹೆಂಡಿರು ಹೊಸದನ್ನು ಕೊಳ್ಳಲು ಹೋದರು. ಅಂಗಡಿಯವನು ಪ್ಲಾಸ್ಟಿಕ್ ಹಿಡಿಯದೊಂದು, ಸ್ಟೀಲ್ ಹಿಡಿಯದೊಂದು ಚಾಕುವನ್ನು ಮಡಚಿ ಆತನ ಕೈಗಿಟ್ಟ.

"ಪ್ಲಾಸ್ಟಿಕ್ ಹಿಡೀದೇ ತಗೊಳ್ಳಿ ಯಜಮಾನ್ರೆ," ಎಂದ ಅಂಗಡಿಯವನು. "ಹಗುರ ಇರುತ್ತೆ. ಚಳೀಲಿ ಕೈ ಕೊರೆಯಲ್ಲ."

"ಅವ್ರು ಹೇಳೋದು ಸರಿ ಕಣ್ರೀ," ಎಂದಳು ಹೆಂಡತಿ.

"ಎರಡನ್ನೂ ಒಂದ್ಸಲ ಕೆಳಗೆ ಬೀಳಿಸ್ಲಾ?" ಎಂದು ಆತ ಕೇಳಿದ.

"ಬೀಳಿಸಿ, ಅದಕ್ಕೇನಂತೆ," ಎಂದು ಅಂಗಡಿಯವನು ನಕ್ಕ.

ಪ್ಲಾಸ್ಟಿಕ್ಕಿನದು ಟಪ್ಪೆಂದು ಬಿದ್ದು ಸುಮ್ಮನಾಯಿತು. ಸ್ಟೀಲ್ ಹಿಡಿಯದು ಠಣ್ಣೆಂದು ಬಿದ್ದು, ನೆಲದ ಮೇಲೆ ಕಿರುಗುಟ್ಟುತ್ತ ಜಾರಿ ನಿಂತಿತು. ಆತ ಬಗ್ಗಿ ನೇರವಾಗಿ ಅದರ ಮೇಲೆಯೇ ಕೈಯಿಟ್ಟ.

"ಇದೇ ಇರ್ಲಿ."

ಅಂಗಡಿಯವನ ಮಾತೂ ಸುಳ್ಳಾಗಲಿಲ್ಲ. ಚಳಿಗಾಲದ ಬೆಳಿಗ್ಗೆ ಹಿಡಿ ಮಂಜುಗಡ್ಡೆಯಂತಿರುತ್ತಿತ್ತು. ಆತ ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಬೆಚ್ಚಗಾದ ಮೇಲೆ ಕೆಲಸಕ್ಕೆ ಕೂರುತ್ತಿದ್ದ. ಮೊದಮೊದಲು ಠಣ್ಣೆಂದಾಗಲೆಲ್ಲ ಹೆಂಡತಿ ಅಡುಗೆಮನೆಯಿಂದ ಓಡಿ ಬರುತ್ತಿದ್ದಳು. ಅಷ್ಟರಲ್ಲಿ ಚಾಕು ಆತನ ಕೈ ಸೇರಿರುತ್ತಿತ್ತು. ಬರಬರುತ್ತ ಅವಳು ಸದ್ದು ಕೇಳಿದರೂ ಒಗ್ಗರಣೆಯ ಕಡೆಗೇ ಗಮನ ಕೊಡತೊಡಗಿದಳು.