ಸೊಂಟದ ಮೇಲಿನ ಕಲೆ

ನನ್ನ ಅತ್ತಿಗೆ ಫಿಸಿಯೋಥೆರಪಿಸ್ಟ್. ನನ್ನದೇ ವಯಸ್ಸು, ಅದಕ್ಕೇ ಏಕವಚನ. ಹದಿನಾಲ್ಕು ವರ್ಷದಿಂದ ಜನರ ಹಿಡಿದುಕೊಂಡ ಕುತ್ತಿಗೆ, ಸೊಂಟ, ಮಂಡಿಗಳನ್ನು ಸಡಿಲಿಸುತ್ತಿದ್ದಾಳೆ. ನೋಯುವ ಜಾಗಕ್ಕೆ ಪ್ಲಾಸ್ಟಿಕ್ ಕಪ್ ಕವುಚಿ, ಪುಟ್ಟ ಪಂಪಿನಿಂದ ಗಾಳಿ ಎಳೆದರೆ ಚರ್ಮ ಬನ್ನಿನ ಹಾಗೆ ಉಬ್ಬುತ್ತದೆ. ಗಾಯವಿಲ್ಲ, ರಕ್ತವಿಲ್ಲ. ವಾರದಲ್ಲಿ ಮಾಯುವ ದುಂಡನೆಯ ಕಲೆ ಅಷ್ಟೆ. ಕಪ್ ಇಡುವ ಮುಂಚೆ ಪ್ರತಿಯೊಬ್ಬರ ಹಾಳೆಯಲ್ಲೂ ಬೆನ್ನಿನ ಚಿತ್ರ ಬರೆದು, ಹಳೆಯ ಕಲೆಗಳನ್ನೆಲ್ಲ ಗುರುತು ಹಾಕಲೇಬೇಕು. ಮರೆತ ಸಹಾಯಕಿಯರಿಗೆ ಗ್ರಹಚಾರ ಬಿಡಿಸುತ್ತಿದ್ದಳು.

ಹಾಳೆಯಿಲ್ಲದ ರೋಗಿ ಒಬ್ಬನೇ, ನನ್ನ ಅಣ್ಣ. ಬಸ್ ಓಡಿಸಿ ಓಡಿಸಿ ಭುಜ ಹಿಡಿದುಕೊಂಡಿತ್ತು. ಭಾನುವಾರ ಊಟಕ್ಕೆ ಮುಂಚೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಬೋರಲು ಮಲಗುತ್ತಿದ್ದ. ಭುಜದ ಸುತ್ತ ನಾಲ್ಕು ಕಪ್.

"ಇವನಿಗೂ ಒಂದು ಹಾಳೆ ಮಾಡೇ," ಎಂದು ನಾನು ಹೇಳಿದರೆ ಅತ್ತಿಗೆ ನಗುತ್ತಿದ್ದಳು. "ಕಟ್ಕೊಂಡ ಗಂಡನಿಗೆ ಎಂಥಾ ಫೈಲು? ಅವರ ಬೆನ್ನು ನಂಗೆ ಬಾಯಿಪಾಠ."

ನಾನಾದರೂ ಸುಮ್ಮನಿದ್ದೆನೇ? "ಏನಣ್ಣಾ, ಮೈತುಂಬ ಸೀಲ್ ಒತ್ತಿಸ್ಕೊಂಡಿದೀಯ, ಪೋಸ್ಟ್ ಮಾಡ್ಬಿಡೋಣ್ವಾ?" ಎಂದು ಛೇಡಿಸುತ್ತಿದ್ದೆ.

ಕಲೆಗಳು ವಾರವಾದರೂ ಹೋಗಲಿಲ್ಲ, ಎರಡು ವಾರವಾದರೂ ಹೋಗಲಿಲ್ಲ. "ನಿಮ್ ಚರ್ಮಾನೂ ನಿಮ್ ಥರಾನೇ ಸೋಮಾರಿ ಕಣ್ರೀ," ಎಂದಳು ಅತ್ತಿಗೆ. ಅಣ್ಣ ಸುಸ್ತು ಸುಸ್ತು ಎನ್ನುತ್ತಿದ್ದ. ಡಬಲ್ ಡ್ಯೂಟಿ ಮಾಡಿದರೆ ಇನ್ನೇನಾಗುತ್ತದೆ ಎಂದು ನಾವೇ ತೀರ್ಮಾನಿಸಿಬಿಟ್ಟೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!

ಒಂದು ಭಾನುವಾರ ಪಂಪ್ ಹಿಡಿದ ಅವಳ ಕೈ ನಿಂತೇಹೋಯಿತು.

"ರೀ, ಸೊಂಟಕ್ಕೆ ನಾನು ಯಾವತ್ತು ಕಪ್ ಇಟ್ಟಿದ್ದೆ?"

"ನಂಗೇನು ಗೊತ್ತು? ನೀನಲ್ದೆ ಇನ್ಯಾರು ಇಡ್ತಾರೆ?" ಚಾಪೆಗೆ ಮುಖ ಒತ್ತಿಕೊಂಡೇ ಹೇಳಿದ ಅಣ್ಣ.

ಅತ್ತಿಗೆ ಪಂಚೆ ಸರಿಸಿ ನೋಡಿದಳು. ತೊಡೆಯಲ್ಲಿ, ಮೀನಖಂಡದಲ್ಲಿ, ಮಂಡಿಯ ಹಿಂದೆ, ಎಲ್ಲೆಲ್ಲೂ ನೀಲಿ. ಯಾವುದೂ ದುಂಡಗಿರಲಿಲ್ಲ. ಅಯ್ಯೋ, ಇಷ್ಟು ದಿನ ನಾವೆಲ್ಲ ಕಣ್ಣು ಎಲ್ಲಿಟ್ಟುಕೊಂಡಿದ್ದೆವು?

ಆಗಲೇ ಆಸ್ಪತ್ರೆಗೆ ಓಡಿದೆವು; ಸಂಜೆಗೆ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ರಕ್ತದ ಕ್ಯಾನ್ಸರ್, ಒಳಗೊಳಗೇ ರಕ್ತ ಸೋರುತ್ತಿದೆ ಎಂದರು. ದೊಡ್ಡ ಡಾಕ್ಟರಿಗೆ ಸಿಟ್ಟು ತಡೆಯಲಾಗಲಿಲ್ಲ.

"ಬೇರೆ ಯಾರ ಮನೇಲಾದ್ರೂ ತಿಂಗಳ ಹಿಂದೇನೇ ಹೆದರಿ ಓಡಿಬರ್ತಿದ್ರು. ಮೈತುಂಬ ಇಷ್ಟು ಕಲೆ ಬಿದ್ದಿದ್ರೂ ನಿಮ್ಮನೇಲಿ ಒಬ್ರೂ ನೋಡ್ಲಿಲ್ವಾ?"

"ದಿನಾ ನೋಡ್ತಿದ್ದೆ ಡಾಕ್ಟ್ರೇ," ಎಂದಳು ಅತ್ತಿಗೆ. "ಎಲ್ಲಾ ನಾನೇ ಮಾಡಿದ್ದು ಅಂದ್ಕೊಂಡೆ."

ಒಂಬತ್ತನೆಯ ದಿನ ಅಣ್ಣ ಹೋದ.