ಹೈಸ್ಕೂಲಿನ ಸುತ್ತ ಕುರಿ ನಿಲ್ಲಿಸುವ ರೇಣುಕಮ್ಮ

ಈ ಸಂಗತಿಯನ್ನು ಮೊದಲು ಹೇಳಿದವರು ಗೋವಿಂದಪ್ಪ. ಕಳೆದ ಏಪ್ರಿಲ್‌ನ ಎರಡನೇ ಭಾನುವಾರ, ಹಿರಿಯೂರು ಬಸ್ ನಿಲ್ದಾಣದಲ್ಲಿ, ಆದಿವಾಲದ ಕಡೆಯ ಬಸ್ಸಿಗೆ ಕಾಯುತ್ತ. ಅವರು ತೆಂಗು ಬೆಳೆಗಾರರು, ತಮ್ಮೂರಿನ ಸರ್ಕಾರಿ ಹೈಸ್ಕೂಲಿನ ಮೊದಲ ತಂಡದ ವಿದ್ಯಾರ್ಥಿ. "ನಮ್ ಸ್ಕೂಲ್‌ನಾಗೆ ಹಾಜರಿ ಹಾಕೋರು ಮೇಷ್ಟ್ರು. ಮಕ್ಳು ಹಾಜರಿರಂಗೆ ಮಾಡೋಳು ರೇಣುಕಮ್ಮ" ಎಂದು ಶುರುಮಾಡಿದರು. ಅದೇ ಕಥೆಯನ್ನು ಮೇ ತಿಂಗಳಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ, ಶಾಲೆಯ ಜಗಲಿಯಲ್ಲಿ ಸಂಬಂಧಪಟ್ಟವರೆಲ್ಲ ಕೂತು ಮತ್ತೊಮ್ಮೆ ಹೇಳಿದರು. ಎರಡು ಸಲ ಹೇಳಿದ್ದನ್ನೂ ಹೋಲಿಸಿ, ನಿಜವೆಂದು ನಿಂತದ್ದನ್ನಷ್ಟೇ ಇಲ್ಲಿ ಕೊಟ್ಟಿದೆ.

ಮಾರ್ಚ್ ತಿಂಗಳ ಒಂದು ಬೆಳಗು, ಐದೂವರೆ. ಕಡಲೆ ಕಿತ್ತ ಬಯಲು ಹೊಲದಲ್ಲಿ ಕುರಿಗಾಹಿ ಓಬಕ್ಕ ರಾತ್ರಿ ಕುರಿ ಕೂಡಿದ್ದ ರೊಪ್ಪದ ಬಲೆ ಸುತ್ತುತ್ತಿದ್ದಾಳೆ. ನೂರಾ ನಲವತ್ತು ಕುರಿಗಳು ಎದ್ದು ನಿಂತಿವೆ. ಎಳೆ ಮರಿಗಳ ಬುಟ್ಟಿ ಆಗಲೇ ಲಗೇಜ್ ಆಟೊ ಏರಿದೆ. ಅದರ ಪಕ್ಕದಲ್ಲಿ, ಗೊಬ್ಬರದ ಚೀಲದಲ್ಲಿ, ಮೊಮ್ಮಗಳು ಸುಷ್ಮಿತಾಳ ಹತ್ತನೇ ತರಗತಿಯ ಪುಸ್ತಕಗಳಿವೆ. ಅಷ್ಟರಲ್ಲಿ ಬದುವಿನ ಮೇಲೆ ಏದುಸಿರು ಬಿಡುತ್ತ ಬರುವವರು ಶಾಲೆಯ ಗ್ರೂಪ್ ಡಿ ನೌಕರೆ ರೇಣುಕಮ್ಮ. ಅವರು ಮೊಪೆಡ್‌ನಲ್ಲಿ ಬಂದರೆಂದು ಗೋವಿಂದಪ್ಪ, ಹಾಲಿನ ವ್ಯಾನಿನಲ್ಲಿ ಬಂದರೆಂದು ಓಬಕ್ಕ. ಜಗಲಿಯಲ್ಲಿ ಕೂತ ರೇಣುಕಮ್ಮನೇ ಇಬ್ಬರನ್ನೂ ತಿದ್ದುತ್ತಾರೆ: "ಎರಡೂ ಅಲ್ಲ. ನಡ್ಕಂಡೇ ಹೋದೆ. ಅರ್ಧ ದಾರಿ ಓಡಿದೆ ಅನ್ನು."

"ಎತ್ತಗೆ ಹೊಂಟ್ರಿ ಓಬಕ್ಕ?"

"ಹೊಳಲ್ಕೆರೆ ಕಡೀಗೆ. ಇವತ್ತಿಂದ ಕಿರಣ್‌ಕುಮಾರನ ಹೊಲದಾಗೆ ನಿಲ್ಲಿಸ್ಬೇಕಿತ್ತು, ಕೊಡಲ್ಲ ಅಂದ. ಕೋಳಿ ಗೊಬ್ಬರ ಹೊಡಿಸ್ಯಾನಂತೆ."

"ಎಂಟು ದಿನಕ್ಕೆ ಪರೀಕ್ಷೆ ಐತೆ. ಹುಡುಗೀನ ನಮ್ಮನ್ಯಾಗೆ ಬಿಡ್ರಿ."

"ಇವಳ್ನ ನೀನು ಇಟ್ಕಂತೀಯ. ಮರಿಗಳ್ನ ಯಾರು ಇಟ್ಕಂತಾರೆ? ಇದು ಕುರಿ ಈಯೋ ಕಾಲ. ನಂಗೆ ಕಣ್ಣು ಸರಿಯಾಗಿ ಕಾಣಲ್ಲ. ಇವಳಿಲ್ದೆ ಒಂದು ಮರೀಗೂ ಹಾಲು ಸಿಗಲ್ಲ."

ಸುಷ್ಮಿತಾ ಆಟೊ ಪಕ್ಕ ನಿಂತು ಪುಸ್ತಕದ ಚೀಲದ ಬಾಯಿಯನ್ನು ಕಟ್ಟುತ್ತಾಳೆ, ಬಿಚ್ಚುತ್ತಾಳೆ.

ರೇಣುಕಮ್ಮ ಆ ಹೊತ್ತಿನಲ್ಲಿ ಅಲ್ಲಿಗೆ ಓಡಿ ಬಂದದ್ದೇಕೆಂಬುದಕ್ಕೆ ಅವರ ಇಪ್ಪತ್ತಾರು ವರ್ಷಗಳ ಕೆಲಸವೇ ಉತ್ತರ. ಗಂಟೆ ಹೊಡೆಯುವುದು, ಒಂಬತ್ತು ಕೊಠಡಿ ಗುಡಿಸುವುದು, ನೀರು ತುಂಬಿಸುವುದು ಅವರ ಅಧಿಕೃತ ಕೆಲಸ. ಯಾರೂ ವಹಿಸದ ಇನ್ನೊಂದು ಕೆಲಸವೂ ಇದೆ. ಕುರಿಗಾಹಿಗಳ ಹಟ್ಟಿಯ ಮಕ್ಕಳು ಎಂಟನೇ ತರಗತಿಗೆ ಸೇರುತ್ತಿದ್ದರು. ಮಂದೆ ದೂರ ಹೋದ ತಿಂಗಳೇ ಬಿಟ್ಟುಬಿಡುತ್ತಿದ್ದರು. ಮನೆಮನೆಗೆ ಹೋಗಿ ಬುದ್ಧಿ ಹೇಳಿ ಸೋತ ರೇಣುಕಮ್ಮ ಒಂದು ವರ್ಷ ಮಕ್ಕಳ ಬೆನ್ನು ಬಿಟ್ಟು ಕುರಿಗಳ ಬೆನ್ನು ಹಿಡಿದರು. ಗೊಬ್ಬರಕ್ಕಾಗಿ ರಾತ್ರಿ ಕುರಿ ನಿಲ್ಲಿಸಿಕೊಳ್ಳಲು ರೈತರಿಗೆ ಆಸೆ. ಹೊಲ ಸಿಕ್ಕ ಕಡೆಗೆ ಮಂದೆ ಹೋಗುತ್ತದೆ. ಹಾಗಾದರೆ ಶಾಲೆಯ ಸುತ್ತಲಿನ ಹೊಲಗಳೇ ಸಾಲಾಗಿ ಸಿಕ್ಕರೆ?

ಅಂದಿನಿಂದ ಅವರು ಯಾವ ರಾತ್ರಿ ಯಾರ ಹೊಲ ಎಂದು ಪಟ್ಟಿ ಮಾಡುತ್ತಾರೆ. ಮಳೆಗಾಲದಲ್ಲಿ ತೆಂಗಿನ ತೋಟಗಳು, ಬೇಸಿಗೆಯಲ್ಲಿ ಬಯಲು ಹೊಲಗಳು, ಒಟ್ಟು ಹದಿನೇಳು. ಯಾವುದೂ ಶಾಲೆಯಿಂದ ಮುಕ್ಕಾಲು ಗಂಟೆಯ ನಡಿಗೆಗಿಂತ ದೂರವಿರಕೂಡದು. ಇಂದು ಶಾಲೆಯಲ್ಲಿ ಎಂಬತ್ತೇಳು ಮಕ್ಕಳು; ಅವರಲ್ಲಿ ಒಂಬತ್ತು ಮಂದಿ ಬೆಳಿಗ್ಗೆ ರೊಪ್ಪದಿಂದ ಎದ್ದು ಬರುವವರು. "ಮಕ್ಳು ಕುರಿ ಬಿಟ್ಟು ಬರಾಕಿಲ್ಲ. ಅದಕ್ಕೆ ಕುರೀನೇ ಸ್ಕೂಲ್ ತಾವ ತಂದೆ" ಎನ್ನುತ್ತಾರೆ, ಇಷ್ಟೇ ಎಂಬಂತೆ.

ಕಿರಣ್‌ಕುಮಾರನದು ತಪ್ಪಿದ ಮೇಲೆ ಆ ಬೆಳಗು ಪಟ್ಟಿಯಲ್ಲಿ ಒಂದು ಹೊಲವೂ ಉಳಿದಿಲ್ಲ. "ಒಂದು ತಾಸು ನಿಲ್ರಿ" ಎಂದು ಓಬಕ್ಕನಿಗೆ ಹೇಳಿ ರೇಣುಕಮ್ಮ ಶಾಲೆಗೆ ಓಡುತ್ತಾರೆ. ಮುಖ್ಯೋಪಾಧ್ಯಾಯ ರಘುನಾಥ್ ಬೆಳಗಿನ ವಿಶೇಷ ತರಗತಿಗೆ ಬೀಗ ತೆಗೆಯುತ್ತಿದ್ದಾರೆ.

"ಸಾರ್, ಪರೀಕ್ಷೆ ಮುಗಿಯೋಗಂಟ ನಮ್ ಫೀಲ್ಡ್‌ನಾಗೆ ಕುರಿ ನಿಲ್ಲಿಸಾಣ."

"ಇದು ಹೈಸ್ಕೂಲೋ, ಕುರಿದೊಡ್ಡಿಯೋ ರೇಣುಕಮ್ಮ?"

"ಮೊದ್ಲು ಕುರಿದೊಡ್ಡಿನೇ ಸಾರ್. ಹೈಸ್ಕೂಲ್ ಆಮ್ಯಾಲೆ ಬಂತು."

ಅದು ನಿಜ. ಶಾಲೆಯ ದಾಖಲೆಯಲ್ಲಿ 'ದಾನದ ಜಮೀನು, ಎರಡೂವರೆ ಎಕರೆ' ಎಂದಷ್ಟೇ ಇದೆ, ಕೊಟ್ಟವರ ಹೆಸರಿಲ್ಲ. ಉಳಿದದ್ದನ್ನು ಆ ಬೆಳಗು, ರೇಣುಕಮ್ಮ ಫೋನು ಮಾಡಿ ಕರೆಸಿದ ಗೋವಿಂದಪ್ಪ ಸಾಕ್ಷಿಯಂತೆ ನಿಂತು ಹೇಳುತ್ತಾರೆ. ನಲವತ್ತು ವರ್ಷಗಳ ಹಿಂದೆ ಊರಿಗೆ ಹೈಸ್ಕೂಲು ಮಂಜೂರಾಗಿ ಜಾಗವಿಲ್ಲದೆ ವಾಪಸು ಹೋಗುವುದರಲ್ಲಿತ್ತು. ಓಬಕ್ಕನ ಮಾವ ತಮ್ಮ ಕುರಿ ನಿಲ್ಲಿಸುವ ಹೊಲವನ್ನು ಬಿಟ್ಟುಕೊಟ್ಟರು. ಮೊದಲ ವರ್ಷ ಹೊಂಗೆ ಮರದಡಿ ನಲವತ್ತೊಂದು ಮಕ್ಕಳು. "ನಾವು ಕುಂತ್ಕಳಾಕೆ ಮುಂಚೆ ಹಿಕ್ಕೆ ಗುಡಿಸ್ತಿದ್ವಿ ಸಾರ್" ಎನ್ನುತ್ತಾರೆ ಗೋವಿಂದಪ್ಪ. "ಆ ಮನೇಲಿ ಹೈಸ್ಕೂಲ್ ಮುಗಿಸಿದೋರು ಇವತ್ತಿಗೂ ಒಬ್ರೂ ಇಲ್ಲ. ಈ ಹುಡುಗೀನೇ ಮೊದ್ಲು ಆಗ್ಬೇಕು."

ರಘುನಾಥ್ ಬೀಗವನ್ನು ಜೇಬಿಗೆ ಹಾಕಿಕೊಂಡು ಮೈದಾನದ ಕಡೆ ತಿರುಗುತ್ತಾರೆ. "ಏಳೂವರೆಗೆ ಎಲ್ಲ ಕ್ಲೀನಾಗಿರಬೇಕು. ಯಾರು ಗುಡಿಸ್ತಾರೆ?"

"ಇಷ್ಟು ವರ್ಷ ಯಾರು ಗುಡಿಸಿದ್ರು ಸಾರ್?"

ರೇಣುಕಮ್ಮ ಮರಳಿ ಹೊಲ ಮುಟ್ಟುವಾಗ ಆಟೊ ಹೊರಟು ರಸ್ತೆಗೆ ತಿರುಗುತ್ತಿದೆ. ಅವರು ಅದರ ಮುಂದೆ ಹೋಗಿ ನಿಲ್ಲುತ್ತಾರೆ. ಜಾಗ ಶಾಲೆಯ ಮೈದಾನವೆಂದು ತಿಳಿದ ಓಬಕ್ಕ ಕೋಲಿನಿಂದ ಮುಂದಿನ ಟಗರನ್ನು ಶಾಲೆಯ ಕಡೆಗೆ ತಿರುಗಿಸುತ್ತಾಳೆ.

ಇಪ್ಪತ್ತೆರಡು ರಾತ್ರಿ ಮಂದೆ ಶಾಲೆಯ ಮೈದಾನದಲ್ಲಿ ನಿಲ್ಲುತ್ತದೆ. ಸುಷ್ಮಿತಾ ನಸುಕಿನಲ್ಲಿ ಮರಿಗಳಿಗೆ ಹಾಲು ಕುಡಿಸಿ, ಕೈತೊಳೆದು, ಪಕ್ಕದೂರಿನ ಪರೀಕ್ಷಾ ಕೇಂದ್ರಕ್ಕೆ ಬಸ್ ಹತ್ತುತ್ತಾಳೆ. ಆರು ವಿಷಯ, ಒಂದಕ್ಕೂ ತಪ್ಪಿಸುವುದಿಲ್ಲ.

ಫಲಿತಾಂಶದ ಸಂಜೆ ಜಗಲಿಯಲ್ಲಿ ಅವಳೇ ಫೋನು ನೋಡಿ ಓದುತ್ತಾಳೆ: ಆರುನೂರ ಇಪ್ಪತ್ತೈದಕ್ಕೆ ನಾನೂರ ಎಂಬತ್ತೊಂಬತ್ತು. ಓಬಕ್ಕನಿಗೆ ಅಂಕದ ಲೆಕ್ಕ ತಿಳಿಯದು. "ಪಾಸೋ ಇಲ್ವೋ ಅಷ್ಟು ಹೇಳು ಲೇ" ಎನ್ನುತ್ತಾಳೆ. ಪಾಸು ಎಂದಾಗ ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಮ್ಮೆ ಹೇಳಿಸಿಕೊಳ್ಳುತ್ತಾಳೆ. ಕಥೆ ಮೊದಲಿಂದ ಶುರುವಾಗುತ್ತದೆ. ಎಲ್ಲರೂ ಒಟ್ಟಿಗೇ ಹೇಳುತ್ತಾರೆ.

ಕೊನೆಗೆ ರೇಣುಕಮ್ಮ ಮಾತಾಡುತ್ತಾರೆ. "ಜನವರಿಗೆ ನಂದು ರಿಟೈರ್‌ಮೆಂಟು. ಜೂನ್‌ಗೆ ಹಟ್ಟಿಯಿಂದ ಇನ್ನೂ ಮೂರು ಮಕ್ಳು ಸೇರ್ತಾವೆ. ಅವು ಹತ್ತನೇದು ಮುಗಿಸೋಗಂಟ ಹೊಲ ತಪ್ಪದಂಗೆ ನೋಡ್ಕಳ್ರಿ. ನಂಗೆ ಹಾರ ಗೀರ ಬ್ಯಾಡ."

 ಹಿಂದೆ ಕಂಬಕ್ಕೆ ಒರಗಿದ್ದ ಕಿರಣ್‌ಕುಮಾರ್ ಮುಂದೆ ಬರುತ್ತಾನೆ. "ಜೂನ್ ಮೊದಲ ಹತ್ತು ರಾತ್ರಿ ನಮ್ಮ ತೋಟಕ್ಕೆ ಅಂತ ಬರ್ಕಳಕ್ಕ."

"ಕೋಳಿ ಗೊಬ್ಬರ ಸಾಕಾಯ್ತೇನಪ್ಪ?" ಓಬಕ್ಕ ಕೇಳುತ್ತಾಳೆ. ನಗು ಏಳುತ್ತದೆ, ಅವನೂ ನಗುತ್ತಾನೆ. ಗೋವಿಂದಪ್ಪ ಎಂಟು ರಾತ್ರಿ, ಅವರ ತಮ್ಮ ಆರು. ರೇಣುಕಮ್ಮ ಕೇಳಿಕೇಳಿ ಬರೆಯುತ್ತಾರೆ. ಬೀದಿದೀಪ ಹತ್ತುವ ಹೊತ್ತಿಗೆ ದಸರೆಯವರೆಗಿನ ರಾತ್ರಿಗಳು ತುಂಬಿವೆ. ಪಟ್ಟಿಯ ಪುಸ್ತಕವನ್ನು ರಘುನಾಥ್ ಕೈಚಾಚಿ ಇಸಿದುಕೊಳ್ಳುತ್ತಾರೆ. ಹಾಜರಿ ಪುಸ್ತಕ ಇಡುವ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ.

"ಇನ್ನು ಏಳ್ರಿ. ಬೆಳಿಗ್ಗೆ ಇಲ್ಲ ಅಂದ್ರೆ ಕೇಳಂಗಿಲ್ಲ. ಸಾರ್ ತಾವ ಬರ್ದು ಕೊಟ್ಟೀನಿ" ಎನ್ನುತ್ತಾರೆ ರೇಣುಕಮ್ಮ. ಜನ ಟವೆಲು ಕೊಡವಿ ಏಳುತ್ತಾರೆ, ಚಪ್ಪಲಿ ಹುಡುಕಿಕೊಂಡು ತಂತಮ್ಮ ಮನೆಯ ದಾರಿ ಹಿಡಿಯುತ್ತಾರೆ.